ಮೀನಿನುಂಡೆಗೆ ಸಕ್ಕರೆ ಹಾಕುವವರ ಭಾಷೆ

ಪೋಲೆಂಡಿನ ಯಹೂದಿಗಳ ಮನೆಗಳಲ್ಲಿ ಸಬ್ಬತ್ ದಿನದ ಊಟಕ್ಕೆ ಮಾಡುವ ಮೀನಿನುಂಡೆಗೆ, ಅಂದರೆ ಗೆಫಿಲ್ಟೆ ಫಿಶ್‌ಗೆ, ಸಕ್ಕರೆ ಬೀಳುತ್ತಿತ್ತು. ಪೂರ್ವಕ್ಕೆ ಸರಿದು ಲಿಥುವೇನಿಯಾದ ಕಡೆ ಹೋದರೆ ಅದೇ ಉಂಡೆಗೆ ಕಾಳುಮೆಣಸಿನ ಖಾರ. ಭಾಷಾವಿಜ್ಞಾನಿ ಮಾರ್ವಿನ್ ಹರ್ಜಾಗ್ ಉತ್ತರ ಪೋಲೆಂಡಿನ ಯಹೂದಿಗಳಾಡುತ್ತಿದ್ದ ಯಿಡ್ಡಿಷ್ ಭಾಷೆಯ ಬಗ್ಗೆ 1965ರಲ್ಲಿ ಪುಸ್ತಕ ಬರೆದಾಗ ಈ ರುಚಿಯ ಗಡಿಯನ್ನೂ ನಕಾಶೆಯಲ್ಲಿ ಗುರುತಿಸಿದರು. ಅದು ಆ ಭಾಷೆಯ ಎರಡು ದೊಡ್ಡ ಪ್ರಭೇದಗಳ ಗಡಿಗೆ ಹೆಚ್ಚುಕಡಿಮೆ ಹೊಂದಿಕೊಂಡಿತ್ತು. ಮೆಣಸಿನವರು 'ಕುಗಲ್' ಎನ್ನುವ ತಿನಿಸು ಸಕ್ಕರೆಯವರ ಬಾಯಲ್ಲಿ 'ಕಿಗಲ್' ಆಗಿತ್ತು.

ಆದರೆ ಈ ನಕಾಶೆ ಸಿದ್ಧವಾಗುವ ಹೊತ್ತಿಗೆ ಆ ಊರುಗಳಲ್ಲಿ ಸಕ್ಕರೆಯವರೂ ಇರಲಿಲ್ಲ, ಮೆಣಸಿನವರೂ ಇರಲಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ ಜಗತ್ತಿನಲ್ಲಿ ಯಿಡ್ಡಿಷ್ ಆಡುತ್ತಿದ್ದವರು ಒಂದು ಕೋಟಿಗೂ ಹೆಚ್ಚು. ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಬಹುಪಾಲು ಜನರ ಮನೆಮಾತು ಅದೇ.

ಯಿಡ್ಡಿಷ್‌ಗೆ ರಾಜ್ಯವಿರಲಿಲ್ಲ, ಸರ್ಕಾರವಿರಲಿಲ್ಲ. ರೈನ್ ನದಿಯ ಸೀಮೆಯಲ್ಲಿ ಸುಮಾರು ಸಾವಿರ ವರ್ಷಗಳ ಹಿಂದೆ ಹುಟ್ಟಿತೆಂದು ಹೆಚ್ಚಿನ ವಿದ್ವಾಂಸರು ಹೇಳುವ ಈ ಭಾಷೆಯ ಮೈಕಟ್ಟು ಜರ್ಮನ್, ಲಿಪಿ ಹೀಬ್ರೂ. ಪೂರ್ವಕ್ಕೆ ವಲಸೆ ಹೋದ ಮೇಲೆ ಸ್ಲಾವಿಕ್ ಪದಗಳೂ ಧಾರಾಳವಾಗಿ ಸೇರಿಕೊಂಡವು. ಓದಿದ ಯಹೂದಿಗಳೇ ಅದನ್ನು ಕೆಟ್ಟ ಜರ್ಮನ್ ಎಂದು ಹೀಗಳೆಯುತ್ತಿದ್ದರು. ಇಂಥ ಭಾಷೆಗೆ 1925ರಲ್ಲಿ ವಿಲ್ನಾ ನಗರದಲ್ಲಿ, ಇಂದಿನ ವಿಲ್ನಿಯಸ್‌ನಲ್ಲಿ, ಒಂದು ಸಂಶೋಧನಾ ಸಂಸ್ಥೆ ಹುಟ್ಟಿಕೊಂಡಿತು. ಹೆಸರು 'ಯಿವೊ'. ಮೊದಲ ಕಚೇರಿ ಭಾಷಾವಿಜ್ಞಾನಿ ಮ್ಯಾಕ್ಸ್ ವೈನ್‌ರೈಕ್ ಅವರ ಮನೆಯ ಒಂದು ಕೋಣೆ.

ಯಿವೊದ ನಿಜವಾದ ಬಲ ಅದರ 'ಜಾಮ್ಲರ್'ಗಳು, ಅಂದರೆ ಸಂಗ್ರಾಹಕರು. ಇವರು ಊರೂರಲ್ಲಿದ್ದ ಸಾಮಾನ್ಯ ಜನ. ಗಾದೆ, ಒಗಟು, ಬೈಗುಳ, ಹಾಡು, ಮದುವೆ ಕರೆಯೋಲೆ, ನಾಟಕದ ಭಿತ್ತಿಪತ್ರ, ಸಿಕ್ಕಿದ್ದನ್ನೆಲ್ಲ ವಿಲ್ನಾಕ್ಕೆ ಕಳಿಸುತ್ತಿದ್ದರು. ಯುವಜನರಿಂದ ಆತ್ಮಕಥೆಗಳನ್ನು ಬರೆಸಲು ಯಿವೊ ಸ್ಪರ್ಧೆಗಳನ್ನೂ ನಡೆಸಿತು. ಬಂದವು ಆರುನೂರಕ್ಕೂ ಹೆಚ್ಚು. ಕಾಗುಣಿತದ ಜಗಳಗಳಿಗೆ ಕೊನೆ ಹಾಡಲು 1937ರಲ್ಲಿ ನಿಯಮಗಳನ್ನು ಹೊರತಂದಿತು. (ಜಗಳ ಮುಗಿಯಲಿಲ್ಲ, ಯಾವ ಭಾಷೆಯಲ್ಲಿ ಮುಗಿದಿದೆ?)

1939ರಲ್ಲಿ ಯುದ್ಧ ಶುರುವಾದಾಗ ಮ್ಯಾಕ್ಸ್ ವೈನ್‌ರೈಕ್ ಹದಿಮೂರರ ಮಗ ಊರಿಯೆಲ್‌ನೊಂದಿಗೆ ಡೆನ್ಮಾರ್ಕಿನಲ್ಲಿದ್ದರು. ತಿರುಗಿ ವಿಲ್ನಾಕ್ಕೆ ಹೋಗದೆ ನ್ಯೂಯಾರ್ಕ್ ಸೇರಿದರು. ಯಿವೊ ಕೂಡ ಅಲ್ಲಿಗೇ ಹೋಯಿತು. ವಿಲ್ನಾದಲ್ಲಿ ಉಳಿದ ಸಂಗ್ರಹವನ್ನು ವಿಂಗಡಿಸುವ ಕೆಲಸಕ್ಕೆ ನಾಜಿಗಳು ಯಹೂದಿ ವಿದ್ವಾಂಸರನ್ನೇ ಹಚ್ಚಿದರು: ಬೇಕಾದ್ದು ಜರ್ಮನಿಗೆ, ಬೇಡದ್ದು ಕಾಗದದ ಕಾರ್ಖಾನೆಗೆ. ಕವಿ ಅವ್ರೊಮ್ ಸುತ್ಸ್‌ಕೆವರ್ ಮತ್ತು ಜೊತೆಗಾರರು ಬಟ್ಟೆಯೊಳಗೆ ಅಡಗಿಸಿಕೊಂಡು ಹಸ್ತಪ್ರತಿಗಳನ್ನು ಸಾಗಿಸಿ ಬಚ್ಚಿಟ್ಟರು. ಸುತ್ಸ್‌ಕೆವರ್ ಬದುಕುಳಿದರು. ಅದೇ ಕೆಲಸದಲ್ಲಿದ್ದ ವಿದ್ವಾಂಸ ಜೆಲಿಗ್ ಕಲ್ಮನೋವಿಚ್ ಎಸ್ಟೋನಿಯಾದ ಶಿಬಿರದಲ್ಲಿ ಸತ್ತರು.

ನ್ಯೂಯಾರ್ಕ್ ಸೇರಿದ ಆ ಹುಡುಗ ಊರಿಯೆಲ್ 1953ರಲ್ಲಿ ಬರೆದ 'ಲ್ಯಾಂಗ್ವೇಜಸ್ ಇನ್ ಕಾಂಟ್ಯಾಕ್ಟ್' ದ್ವಿಭಾಷಿಕತೆಯ ಅಧ್ಯಯನಕ್ಕೆ ಇಂದಿಗೂ ಬುನಾದಿ. ಸಮಾಜಭಾಷಾವಿಜ್ಞಾನದ ದೊಡ್ಡ ಹೆಸರಾದ ವಿಲಿಯಂ ಲಬೋವ್ ಊರಿಯೆಲ್‌ರ ಶಿಷ್ಯ. ಆದರೆ ನನ್ನ ಮಟ್ಟಿಗೆ ಊರಿಯೆಲ್ ಮಾಡಿದ ಅತಿ ಧೈರ್ಯದ ಕೆಲಸ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕೈಗೆತ್ತಿಕೊಂಡ ಯಿಡ್ಡಿಷ್ ಭಾಷಾ ಅಟ್ಲಾಸ್. ಉಪಭಾಷೆಗಳ ನಕಾಶೆ ಬರೆಯುವವರು ಊರೂರು ಸುತ್ತುತ್ತಾರೆ. ಇಲ್ಲಿ ಸುತ್ತಲು ಊರುಗಳೇ ಉಳಿದಿರಲಿಲ್ಲ. ಹಾಗಾಗಿ ನ್ಯೂಯಾರ್ಕಿನಲ್ಲಿ, ಇಸ್ರೇಲಿನಲ್ಲಿ ನೆಲೆಸಿದ್ದ ಆಯಾ ಊರಿನವರನ್ನು ಹುಡುಕಿ, ಎದುರಿಗೆ ಕೂರಿಸಿಕೊಂಡು, ಧ್ವನಿಮುದ್ರಣ ಯಂತ್ರ ಹಚ್ಚಿ ಗಂಟೆಗಟ್ಟಲೆ ಪ್ರಶ್ನೆ ಕೇಳಿದರು. ಇದಕ್ಕೆ ಏನನ್ನುತ್ತಿದ್ದಿರಿ? ಮಕ್ಕಳು ಯಾವ ಆಟ ಆಡುತ್ತಿದ್ದರು? ಮೀನಿಗೆ ಸಕ್ಕರೆ ಹಾಕುತ್ತಿದ್ದಿರಾ? ಹೀಗೆ ಸುಮಾರು 600 ಊರುಗಳ ಮಾತು ಐದು ಸಾವಿರ ಗಂಟೆಗೂ ಮಿಕ್ಕಿ ದಾಖಲಾಯಿತು. ಒಬ್ಬರ ನೆನಪನ್ನು ಇಡೀ ಊರಿಗೆ ಪ್ರಮಾಣ ಎಂದು ಹಿಡಿಯುವುದು ಶಾಸ್ತ್ರದ ದೃಷ್ಟಿಯಿಂದ ದುರ್ಬಲವೇ. ಆದರೂ ಅಕ್ಕಪಕ್ಕದ ಊರಿನವರು ಸಾವಿರಾರು ಮೈಲಿ ದೂರದ ಬೇರೆ ಬೇರೆ ನಗರಗಳಲ್ಲಿ ಕೂತು ಹೇಳಿದ ಉತ್ತರಗಳು ನಕಾಶೆಯ ಮೇಲೆ ಗೆರೆಯಾಗಿ ಕೂಡಿಕೊಂಡಾಗ ಆ ದುರ್ಬಲತೆಯನ್ನು ಒಪ್ಪಿಕೊಳ್ಳಬೇಕೆನಿಸುತ್ತದೆ. ಊರಿಯೆಲ್ 1967ರಲ್ಲಿ ನಲವತ್ತನೇ ವಯಸ್ಸಿಗೇ ತೀರಿಕೊಂಡರು. ಕೆಲಸವನ್ನು ಹರ್ಜಾಗ್ ಮುಂದುವರಿಸಿದರು. ಮೊದಲ ಸಂಪುಟ ಅಚ್ಚಾದದ್ದು 1992ರಲ್ಲಿ.

ಯಿಡ್ಡಿಷ್ ಒಂದೇ ಅಲ್ಲ, ಯಹೂದಿಗಳು ನೆಲೆಸಿದ ಹಲವು ಕಡೆ ಸ್ಥಳೀಯ ಮಾತಿನಿಂದ ಇಂಥ ನುಡಿಗಳು ಹುಟ್ಟಿವೆ: ಸ್ಪೇನಿನಿಂದ ಹೊರದಬ್ಬಿಸಿಕೊಂಡವರ ಲಡಿನೋ, ಕೊಚ್ಚಿಯವರ ಯಹೂದಿ ಮಲಯಾಳಂ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಹೀಬ್ರೂ ಲಿಪಿಯ ಅರಬ್ಬಿಯಲ್ಲಿವೆ. ಅವು ಉಳಿದುಬಂದದ್ದು ಕೈರೋದ ಸಿನಗಾಗ್ ಒಂದರ ಹಳೆಯ ಕಾಗದದ ರಾಶಿಯಲ್ಲಿ.

ಯಿಡ್ಡಿಷ್ ಇನ್ನೂ ಮನೆಯ ಮಾತಾಗಿದೆ. ಆಡುವವರು ಹೆಚ್ಚಾಗಿ ಬ್ರೂಕ್ಲಿನ್, ಲಂಡನ್, ಆಂಟ್ವರ್ಪ್, ಜೆರುಸಲೇಮಿನ ಸಂಪ್ರದಾಯನಿಷ್ಠ ಹಸೀದಿಗಳು; ಯಿವೊದ ಸೆಕ್ಯುಲರ್ ವಿದ್ವಾಂಸರಿಗೂ ಇವರಿಗೂ ಅಷ್ಟಕ್ಕಷ್ಟೆ. ಯಿವೊದ ಕಾಗುಣಿತವನ್ನು ಇವರು ಪಾಲಿಸುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇತ್ತೀಚೆಗೆ ಇವರ ಮಾತನ್ನು ಪರೀಕ್ಷಿಸಿದಾಗ ಹಳೆಯ ವ್ಯಾಕರಣದ ಲಿಂಗಭೇದ, ವಿಭಕ್ತಿಭೇದಗಳು ಕರಗಿ ಹೋಗಿದ್ದವು. ಇಂಗ್ಲಿಷಿನ 'ದ' ಥರದ 'ಡೆರ್', 'ಡಿ', 'ಡೊಸ್' ಇದ್ದಲ್ಲೆಲ್ಲ ಒಂದೇ 'ಡೆ'. ಪಠ್ಯಪುಸ್ತಕದಿಂದ ಯಿಡ್ಡಿಷ್ ಕಲಿತವರಿಗೆ ಇದು ಕೆಟ್ಟ ಯಿಡ್ಡಿಷ್ ಎನಿಸಿದರೆ ಆಶ್ಚರ್ಯವಿಲ್ಲ. ಹಸೀದಿ ತಾಯಂದಿರು ಮಕ್ಕಳನ್ನು ಗದರಿಸುವುದು ಮಾತ್ರ ಈ 'ಕೆಟ್ಟ' ಯಿಡ್ಡಿಷಿನಲ್ಲೇ.