ಮಗುವಿನ ಅಳತೆಗೆ ಮೂರು ಗಾಲಿಯ ಸೈಕಲ್ಲು

ಮನೆಯ ಕೂಸಿಗೆ ಎರಡೂವರೆ-ಮೂರು ವರ್ಷ ತುಂಬುತ್ತಲೇ ಅದಕ್ಕೊಂದು ಮೂರು ಗಾಲಿಯ ಸೈಕಲ್ಲು ತರಬೇಕೆಂಬ ಆಸೆ ಹಿರಿಯರಲ್ಲಿ ಮೂಡುವುದು ಸಹಜ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಸದ್ಭಕ್ತರು ಹೋಳಿಹುಣ್ಣಿಮೆಯ ತರುವಾಯ ಕಲಬುರಗಿಯ ಶ್ರೀ ಶರಣಬಸವೇಶ್ವರರ ಜಾತ್ರೆಗೆ ಹೋದಾಗ ಆಟಿಕೆಯ ಅಂಗಡಿಗಳ ಮುಂದೆ ನಿಲ್ಲುವುದುಂಟು. ಅಲ್ಲಿ ಬಣ್ಣವನ್ನು ನೋಡುತ್ತಾರೆ, ಬೆಲೆಯನ್ನು ಕೇಳುತ್ತಾರೆ. ಮಗುವಿನ ಕಾಲಿನ ಉದ್ದವನ್ನು ವಿಚಾರಿಸುವವರು ವಿರಳ. ಬೆಳೆಯುವ ಕೂಸು, ತುಸು ದೊಡ್ಡದೇ ಇರಲಿ ಎಂಬ ಮಾತು ಅಂಗಿಗೆ ಒಪ್ಪಬಹುದು; ವಾಹನಕ್ಕೆ ಒಪ್ಪದು ಎಂಬುದನ್ನು ಇಲ್ಲಿ ವಿನಂತಿಸಬಯಸುತ್ತೇವೆ.

ಹದಿನೇಳನೆಯ ಶತಮಾನದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಸಮೀಪದಲ್ಲಿ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರದ ಕುಶಲಕರ್ಮಿಯಿದ್ದನು. ಕಾಲುಗಳ ಬಲವಿಲ್ಲದ ಆತನು ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಯ ಗಾಡಿಯೊಂದನ್ನು ತನಗಾಗಿ ತಾನೇ ನಿರ್ಮಿಸಿಕೊಂಡನು. ತನ್ನ ದೇಹದ ಶಕ್ತಿಯನ್ನೂ ಮಿತಿಯನ್ನೂ ಅರಿತು ಆತನು ವಾಹನವನ್ನು ರೂಪಿಸಿದನು. ಮಗುವಿನ ಸೈಕಲ್ಲಿಗೂ ಇದೇ ನಿಯಮ ಸಲ್ಲುತ್ತದೆ.

ಮೂರು ಗಾಲಿಗೆ ಒಂದು ವಿಶೇಷ ಗುಣವಿದೆ. ಒಲೆಗೆ ಮೂರು ಗುಂಡುಗಳನ್ನಿಟ್ಟರೆ ನೆಲ ಏರುತಗ್ಗಾಗಿದ್ದರೂ ಗಡಿಗೆ ಮೂರರ ಮೇಲೂ ಕೂಡುತ್ತದೆ. ನಾಲ್ಕನ್ನಿಟ್ಟರೆ ಒಂದು ಬಿಟ್ಟು ಅಲುಗಾಡುತ್ತದೆ. ಹಾಗೆಯೇ ಮೂರು ಗಾಲಿಗಳೂ ಸದಾ ನೆಲಕ್ಕೆ ತಾಗಿರುತ್ತವೆ. ಆದರೆ ಮಗು ವೇಗದಲ್ಲಿ ಹ್ಯಾಂಡಲನ್ನು ಫಕ್ಕನೆ ಹೊರಳಿಸಿದರೆ ದೇಹದ ಭಾರ ಹೊರಬದಿಗೆ ವಾಲಿ, ಮುಂಗಾಲಿಗೂ ಹಿಂಗಾಲಿಗೂ ನಡುವಿನ ಗೆರೆಯನ್ನು ದಾಟಿ, ಸೈಕಲ್ಲು ಮಗ್ಗುಲಿಗೆ ಉರುಳುತ್ತದೆ. ಆದುದರಿಂದ ಹಿಂದಿನ ಎರಡು ಗಾಲಿಗಳ ಅಂತರ ಅಗಲವಾಗಿಯೂ ಆಸನ ತಗ್ಗಾಗಿಯೂ ಇರುವುದನ್ನು ಆಯ್ದುಕೊಳ್ಳಬೇಕು. ಆಸನ ಎತ್ತರವಾದಷ್ಟೂ ಉರುಳುವ ಭಯ ಹೆಚ್ಚು. ಹ್ಯಾಂಡಲು ಪೂರ್ತಿ ಅಡ್ಡ ತಿರುಗದಂತೆ ತಡೆಯಿರುವ ಸೈಕಲ್ಲು ಉತ್ತಮ.

ಕೊಳ್ಳುವಾಗ ಮಗುವನ್ನು ಜೊತೆಗೆ ಕರೆದೊಯ್ಯುವುದು ಲೇಸು. ಆಗದಿದ್ದರೆ ಅದನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ತೊಡೆಯ ಸಂದಿಯಿಂದ ನೆಲದವರೆಗಿನ ಉದ್ದವನ್ನು ದಾರದಲ್ಲಿ ಅಳೆದುಕೊಂಡು ಹೋಗಬೇಕು. ಆಸನದ ಎತ್ತರ ಆ ದಾರಕ್ಕಿಂತ ತುಸು ಕಡಿಮೆಯಿರಲಿ. ಕುಳಿತಾಗ ಎರಡೂ ಅಂಗಾಲುಗಳು ನೆಲಕ್ಕೆ ಪೂರ್ತಿ ಊರಬೇಕು. ಪೆಡಲು ಅತಿ ದೂರ ಹೋದಾಗಲೂ ಮೊಣಕಾಲು ಕೊಂಚ ಬಾಗಿರಬೇಕು. ಸಮೀಪ ಬಂದಾಗ ಮೊಣಕಾಲು ಹ್ಯಾಂಡಲಿಗೆ ತಾಗಬಾರದು. ಕೈ ಚಾಚಿ ಹಿಡಿದಾಗ ಮೊಣಕೈ ತುಸು ಮಡಿಚಿದ್ದು, ಹೆಗಲು ಮೇಲೇಳದಿದ್ದರೆ ಹ್ಯಾಂಡಲು ಸರಿಯಾಗಿದೆ ಎಂದು ತಿಳಿಯಬೇಕು. ಆಸನವನ್ನು ಹಿಂದೆ-ಮುಂದೆ ಸರಿಸಲು ಎರಡು-ಮೂರು ರಂಧ್ರಗಳಿರುವ ಸೈಕಲ್ಲನ್ನು ಕೊಂಡರೆ ಅದು ಮಗುವಿನೊಡನೆ ತಾನೂ ಬೆಳೆಯುತ್ತದೆ. ದೊಡ್ಡದನ್ನು ತರುವ ಪ್ರಮೇಯವೇ ಬರುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾದ ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ, ಅದನ್ನು ನೋಡಿಯೇ ಹಣ ಕೊಡಬೇಕು.

ಇನ್ನು ನೆಲದ ವಿಚಾರ. ನಮ್ಮ ಸೀಮೆಯ ಮನೆಗಳಲ್ಲಿ ಶಹಾಬಾದಿ ಫರ್ಸಿಯ ಹಾಸು ಸಾಮಾನ್ಯ. ಸವೆದು ನುಣುಪಾದ ಫರ್ಸಿಯ ಮೇಲೆ ನೀರು ಬಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿನ ಗಾಲಿ ಜಾರುತ್ತದೆ. ರಬ್ಬರಿನ ಗಾಲಿ ಹಿಡಿತ ಕೊಡುತ್ತದೆ. ಸೇಡಂ, ಚಿತ್ತಾಪುರದ ಎರೆಮಣ್ಣಿನ ಅಂಗಳದಲ್ಲಿ ಮಳೆ ಬಂದ ಮೇಲೆ ಗಾಲಿಗೆ ಮಣ್ಣು ಮೆತ್ತಿ ಸೈಕಲ್ಲು ನಿಂತೇ ಬಿಡುತ್ತದೆ. ಅಂದು ಆಟ ಪಡಸಾಲೆಯಲ್ಲಾಗಲಿ, ಆದರೆ ಕಟ್ಟೆಯ ಅಂಚಿಗೂ ಮೆಟ್ಟಿಲಿಗೂ ಅಡ್ಡವಿರಲಿ. ಚಿಂಚೋಳಿಯ ಗುಡ್ಡದ ಕಡೆಯ ಇಳಿಜಾರುಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಈ ಸೈಕಲ್ಲಿನ ಪೆಡಲು ಮುಂಗಾಲಿಗೇ ಜೋಡಿಸಿರುವುದರಿಂದ ಗಾಲಿ ತಿರುಗಿದಷ್ಟೂ ಅದು ತಿರುಗುತ್ತದೆ. ಇಳಿಜಾರಿನಲ್ಲಿ ಕೂಸಿನ ಪಾದ ಆ ವೇಗಕ್ಕೆ ಸಾಲದೆ ಕಳಚುತ್ತದೆ. ಸಾಮಾನ್ಯವಾಗಿ ಬೇರೆ ಬ್ರೇಕೂ ಇರುವುದಿಲ್ಲ. ವಾಡಿ, ಶಹಾಬಾದಗಳಲ್ಲಿ ಸಿಮೆಂಟು, ಕಲ್ಲು ಹೊತ್ತ ಲಾರಿಗಳ ಸಂಚಾರವುಂಟು. ತಗ್ಗಿನಲ್ಲಿ ಕುಳಿತ ಕೂಸು ಲಾರಿಯ ಚಾಲಕನಿಗೆ ಕಾಣದು. ರಸ್ತೆಗೆ ತೆರೆದ ಅಂಗಳದ ಬಾಗಿಲಿಗೆ ಅಗುಳಿ ಹಾಕಿಯೇ ಮಗುವನ್ನು ಸೈಕಲ್ಲಿನ ಮೇಲೆ ಕೂಡಿಸಬೇಕು. ನೀರಿನ ಹೌದು ತೆರೆದಿರಬಾರದು.

ಬೇಸಿಗೆಯ ನಡುಹಗಲಿನಲ್ಲಿ ಬಿಸಿಲಿಗಿಟ್ಟ ಆಸನ ಮಗುವಿನ ತೊಡೆಯನ್ನು ಸುಡುತ್ತದೆ, ಪ್ಲಾಸ್ಟಿಕ್ಕು ಬಿರಿಯುತ್ತದೆ, ಸೈಕಲ್ಲು ನೆರಳಿನಲ್ಲಿರಲಿ. ಜೋಲುವ ಲಂಗದ ಅಂಚು ಗಾಲಿಗೆ ಸಿಕ್ಕದಂತೆ ಎತ್ತಿ ಕಟ್ಟಬೇಕು. ಕೊರಳಲ್ಲಿ ಶಿವದಾರವಿದ್ದರೆ ಅದು ಹ್ಯಾಂಡಲಿಗೆ ಸಿಲುಕದಂತೆ ಅಂಗಿಯೊಳಗಿರಲಿ. ಹಿಂದೆ ಇನ್ನೊಂದು ಮಗು ನಿಂತರೆ ಮುಂಗಾಲಿ ಮೇಲೆದ್ದು ಇಬ್ಬರೂ ಬೀಳುವರು.

ಎತ್ತಿನ ಬಂಡಿಗೆ ಕೀಲೆಣ್ಣೆಯಿಡದೆ ರೈತನು ಹೊಲಕ್ಕೆ ಹೊರಡುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆಯಾದರೂ ಮನೆಯ ಹಿರಿಯರೊಬ್ಬರು ಈ ಸಣ್ಣ ಬಂಡಿಯ ಮುಂದೆ ಕುಳಿತು, ನಟ್ಟುಗಳನ್ನು ಬಿಗಿಮಾಡಿ, ಗಾಲಿ ಅಲುಗುವುದೇ ಎಂದು ನೋಡಿ, ಅಚ್ಚಿಗೆ ಒಂದು ಹನಿ ಎಣ್ಣೆ ಬಿಟ್ಟು, ಹ್ಯಾಂಡಲಿನ ತುದಿಯ ರಬ್ಬರು ಕಳಚಿದ್ದರೆ ಹೊಸದನ್ನು ಹಾಕಿ, ಮಗುವನ್ನು ಕೂಡಿಸಿ ಮೊಣಕಾಲನ್ನು ಮತ್ತೆ ಪರೀಕ್ಷಿಸಬೇಕು. ಇದೂ ಗೃಹಸ್ಥರ ಕಾಯಕವೇ. ಆಸನವನ್ನು ಕೊನೆಯ ರಂಧ್ರಕ್ಕೆ ಸರಿಸಿದರೂ ಮೊಣಕಾಲು ಹ್ಯಾಂಡಲಿಗೆ ತಾಗತೊಡಗಿದರೆ ಆ ಸೈಕಲ್ಲಿನ ಕಾಲ ಮುಗಿಯಿತು. ಅದನ್ನು ಅಟ್ಟದ ಮೇಲೆ ತುಕ್ಕು ಹಿಡಿಯಲು ಬಿಡದೆ, ತೊಳೆದು, ದುರಸ್ತಿ ಮಾಡಿ, ಕೊಳ್ಳುವ ಅನುಕೂಲವಿಲ್ಲದ ಮನೆಯ ಕೂಸಿಗೆ ಕೊಡಬೇಕು. ಮಹಾದಾಸೋಹಿಯ ಜಾತ್ರೆಯಿಂದ ತಂದ ವಸ್ತು ದಾಸೋಹಭಾವದಿಂದಲೇ ಮುಂದಿನ ಮನೆಗೆ ಸಾಗಲಿ. ಕೊಡುವ ಮುನ್ನ ಆ ಕೂಸಿನ ಕಾಲಿನ ಅಳತೆಯನ್ನೂ ದಾರದಲ್ಲಿ ತೆಗೆದುಕೊಳ್ಳುವುದನ್ನು ಮರೆಯದಿರೋಣ.