ಹೀರೋ ಕ್ಯಾಮೆರಾ... ಗೆಲ್ಲಿಸೋದು ಪೋಷಕ ನಟರು!

1978. ವಿಷ್ಣುವರ್ಧನ್-ದ್ವಾರಕೀಶ್ ಜೋಡಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಚಿತ್ರದಲ್ಲಿ ಪರದೇಶದ ಬೀದಿ ಸುತ್ತಿದಾಗ ನಮ್ಮ ಗಾಂಧಿ ಕ್ಲಾಸ್ ಪ್ರೇಕ್ಷಕ ಬಾಯಿ ಬಿಟ್ಟುಕೊಂಡು ನೋಡಿದ. ಆಗ ಫಾರಿನ್ ಅಂದರೆ ಬೆಳ್ಳಿತೆರೆಯ ಮೇಲೆ ಮಾತ್ರ! ಈಗ? ಬೆಂಗಳೂರಲ್ಲಿ ವಿಮಾನ ಹತ್ತಿದರೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ಸಿಂಗಾಪುರ. ಹೆಗಲಿಗೊಂದು ಕ್ಯಾಮೆರಾ ಇದ್ದರೆ ನೀವೇ ಛಾಯಾಗ್ರಾಹಕ, ನೀವೇ ನಿರ್ದೇಶಕ!

ನಮ್ಮ ಮಿತ್ರನೊಬ್ಬ ಹೀಗೇ ಹೊರಟ. ಹೆಸರು ಬೇಡ, ಪಾಪ! ಎರಡು ವರ್ಷ ದುಡ್ಡು ಕೂಡಿಟ್ಟು ಒಳ್ಳೇ ಕ್ಯಾಮೆರಾ ಕೊಂಡ. ಜೊತೆಗೆ ಅಮ್ಮನನ್ನೂ ಕರಕೊಂಡ. ಹುಡುಗಿಯಾಗಿದ್ದಾಗ ಊರಿನ ಟೆಂಟಿನಲ್ಲಿ ಆ ಸಿನಿಮಾ ನೋಡಿದ್ದ ತಾಯಿ ಅವರು. ವಾಪಸು ಬಂದ ಮೇಲೆ ಕೇಳಿದೆ: "ಎಲ್ಲಪ್ಪಾ ಫೋಟೋ?"

"ಬೇಡ ಬಿಡಣ್ಣಾ..." ಅಂದ.

ಒತ್ತಾಯ ಮಾಡಿ ನೋಡಿದೆ. ಬಾಯಿಂದ ನೀರು ಚಿಮ್ಮಿಸುವ ಮೆರ್ಲಯನ್, ಅದೇ ಸಿಂಹದ ತಲೆ, ಮೀನಿನ ಮೈಯ 8.6 ಮೀಟರಿನ ಪ್ರತಿಮೆ. ಅದರ ಮುಂದೆ ಅಮ್ಮ ನಿಂತಿದ್ದಾರೆ. ರಾತ್ರಿ ದೀಪಗಳ ನಡುವೆ ಮೆರ್ಲಯನ್ನಿಗೂ ಡಬಲ್ ರೋಲ್, ಅಮ್ಮನಿಗೂ ಡಬಲ್ ರೋಲ್! ಅಮ್ಮ ಅಲುಗಾಡಿರಲಿಲ್ಲ. ಅಲುಗಾಡಿದ್ದು ಟ್ರೈಪಾಡು. ಎಲ್ಲಾ ದುಡ್ಡು ಕ್ಯಾಮೆರಾಗೇ ಸುರಿದು, ಉಳಿದ ಚಿಲ್ಲರೆಗೆ ಸಿಕ್ಕ ಪ್ಲಾಸ್ಟಿಕ್ ಕಾಲಿನ ಟ್ರೈಪಾಡು ಅದು!

ನೋಡಿ, ಹೀರೋ ಎಷ್ಟೇ ದೊಡ್ಡವನಾದರೂ ಪೋಷಕ ನಟರು ಕೈ ಕೊಟ್ಟರೆ ಚಿತ್ರ ಡಬ್ಬಾ. ಅಂಥ ಇಬ್ಬರು ಪೋಷಕ ನಟರನ್ನು ಆರಿಸೋದು ಹೇಗೆ? ಬನ್ನಿ.

ಬ್ಯಾಗಪ್ಪನ ತೂಕ ಮೊದಲು ನೋಡಿ

ಅಂಗಡಿಗೆ ಹೋದ ಕೂಡಲೇ ಎಲ್ಲರೂ ಕೇಳೋದು, "ಎಷ್ಟು ಲೆನ್ಸ್ ಹಿಡಿಯುತ್ತೆ?" ಕೇಳಬೇಕಾದ್ದು, "ಖಾಲಿ ಬ್ಯಾಗಿನ ತೂಕ ಎಷ್ಟು?" ಎಕಾನಮಿ ಕ್ಲಾಸಿನಲ್ಲಿ ಅನೇಕ ವಿಮಾನ ಕಂಪನಿಗಳು ಕೈಚೀಲಕ್ಕೆ ಕೊಡೋದು ಬರೀ 7 ಕೆ.ಜಿ. ಉದ್ದ, ಅಗಲ, ದಪ್ಪ ಮೂರೂ ಕೂಡಿ 115 ಸೆಂಟಿಮೀಟರ್ ದಾಟಬಾರದು ಅನ್ನೋದೂ ಹಲವು ಕಡೆಯ ಲೆಕ್ಕ. ದಪ್ಪ ಮೆತ್ತೆಯ ದೊಡ್ಡ ಬ್ಯಾಗು ಖಾಲಿ ಇದ್ದಾಗಲೇ ಎರಡೂವರೆ ಕೆ.ಜಿ. ತೂಗಿದರೆ ಕ್ಯಾಮೆರಾ ಎಲ್ಲಿ ಇಡ್ತೀರಿ, ತಲೆ ಮೇಲಾ? ಒಂದೂವರೆ ಕೆ.ಜಿ. ಒಳಗಿನದು ಹುಡುಕಿ. ಎಲ್ಲಾ ತುಂಬಿ ಮನೆಯಲ್ಲೇ ತೂಗಿ. ಕೌಂಟರಿನಲ್ಲಿ ತೂಕ ಹೆಚ್ಚಾದರೆ ಕ್ಯಾಮೆರಾ ಲಗೇಜಿಗೆ ಹೋಗಬೇಕಾದೀತು. ಅಲ್ಲಿ ಸಾಮಾನು ಎಸೆಯೋ ರೀತಿ ನಮ್ಮ ಫೈಟಿಂಗ್ ಸೀನಿಗೆ ಕಮ್ಮಿಯಿಲ್ಲ!

ಹೆಗಲಿಗೋ, ಬೆನ್ನಿಗೋ? ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಿಮ್ ಡಾಮ್ಕೆ ಅಂತ ಪತ್ರಿಕಾ ಛಾಯಾಗ್ರಾಹಕರಿದ್ದರು. ಆಗಿನ ಡಬ್ಬದಂಥ ಬ್ಯಾಗುಗಳು ಸರಿಹೋಗದೆ 1970ರ ದಶಕದಲ್ಲಿ ತಮಗೆ ಬೇಕಾದ ಹಾಗೆ ಮೆತ್ತನೆ ಕ್ಯಾನ್ವಾಸ್ ಬ್ಯಾಗೊಂದನ್ನು ತಾವೇ ರೂಪಿಸಿದರು. ಹೆಗಲಿಗೆ ತೂಗುಹಾಕು, ಕೈ ಹಾಕು, ಕ್ಯಾಮೆರಾ ತೆಗಿ! ಸುದ್ದಿ ಛಾಯಾಗ್ರಾಹಕರ ನಡುವೆ ಅದು ಹಿಟ್ಟೋ ಹಿಟ್ಟು. ಆದರೆ ಬೆಳಗಿಂದ ಸಂಜೆವರೆಗೆ ಸುತ್ತುವವರಿಗೆ ಒಂದೇ ಹೆಗಲು ಸೋತುಹೋಗುತ್ತೆ. ಒಂದು ಕ್ಯಾಮೆರಾ, ಎರಡು ಲೆನ್ಸಾದರೆ ಹೆಗಲ ಚೀಲ ಸಾಕು. ಅದಕ್ಕಿಂತ ಹೆಚ್ಚಾದರೆ ಬೆನ್ನಿನ ಬ್ಯಾಗೇ ಸರಿ. ಅದರ ಜಿಪ್ಪು ಬೆನ್ನಿಗೆ ಅಂಟಿಕೊಳ್ಳುವ ಕಡೆ ಇರಲಿ. ಹಿಂದೆ ನಿಂತ ಜೇಬುಗಳ್ಳನಿಗೆ ನಿರಾಸೆ! ಮಳೆಯ ಕವರ್ ಮರೀಬೇಡಿ. ಸಿಂಗಾಪುರದ ಮಳೆ ಹೇಳಿ ಕೇಳಿ ಬರೋದಿಲ್ಲ.

ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಕೂಡದು. ಒಂದೊಂದೂ 100 ವಾಟ್-ಅವರ್ ಒಳಗಿರಲಿ. ಮಾಮೂಲಿ ಕ್ಯಾಮೆರಾ ಬ್ಯಾಟರಿ ಅದಕ್ಕಿಂತ ತುಂಬಾ ಚಿಕ್ಕದು, ಭಯ ಬೇಡ. ಎರಡು ತುದಿಯ ಲೋಹ ಒಂದಕ್ಕೊಂದು ತಾಗದಂತೆ ಟೇಪ್ ಹಚ್ಚಿ ಇಡಿ.

ಮೂರು ಕಾಲಿನ ಮಹಾಶಯ

ಈಗ ಟ್ರೈಪಾಡು. ಮಡಿಸಿದಾಗ ಸುಮಾರು 40 ಸೆಂಟಿಮೀಟರ್, ತೂಕ ಒಂದೂವರೆ ಕೆ.ಜಿ. ಆಸುಪಾಸು ಇದ್ದರೆ ಸೂಟ್‌ಕೇಸಿನೊಳಗೆ ಅಡ್ಡಡ್ಡ ಮಲಗುತ್ತೆ. ಅಲ್ಲೇ ಮಲಗಲಿ. ಕೈಯಲ್ಲಿ ಹಿಡಿದು ಹೋದರೆ ಸೆಕ್ಯುರಿಟಿಯಲ್ಲಿ ತಡೆದಾರು. ಅಲ್ಯೂಮಿನಿಯಂ ಸಾಕಾ, ಕಾರ್ಬನ್ ಫೈಬರ್ ಬೇಕಾ? ಕಾರ್ಬನ್ ಹಗುರ, ಚಳಿದೇಶದಲ್ಲಿ ಕೈಗೆ ಕೊರೆಯೋದಿಲ್ಲ, ಆದರೆ ಜೇಬು ಕೊರೆಯುತ್ತೆ! ಮೊದಲ ಪ್ರವಾಸಕ್ಕೆ ಅಲ್ಯೂಮಿನಿಯಂ ಸಾಕು.

ಕೊಳ್ಳುವಾಗ ನಿಮ್ಮ ಕ್ಯಾಮೆರಾ ಅಂಗಡಿಗೇ ಒಯ್ದು ಮೇಲೆ ಕೂರಿಸಿ. ಅತಿ ಭಾರದ ಲೆನ್ಸ್ ಹಾಕಿ. ತಲೆಯ ಮೇಲೆ ಮೆಲ್ಲಗೆ ಒತ್ತಿ. ಕಾಲು ಜಾರಿತಾ? ನಮಸ್ಕಾರ ಹೇಳಿ ಎದ್ದು ಬನ್ನಿ. ಕ್ಯಾಮೆರಾ, ಲೆನ್ಸ್ ಸೇರಿ ಎರಡು ಕೆ.ಜಿ. ಇದ್ದರೆ ಐದಾರು ಕೆ.ಜಿ. ತಡೆಯೋದನ್ನೇ ತಗೊಳ್ಳಿ. ಇನ್ನೊಂದು ಗುಟ್ಟು: ಸೆಂಟರ್ ಕಾಲಮ್ ಅನ್ನೋ ನಡುಗಂಬ ಎತ್ತದೇನೇ ನಿಮ್ಮ ಎದೆ ಮಟ್ಟ ಬರಬೇಕು. ನಡುಗಂಬ ಪೂರಾ ಎತ್ತಿದರೆ ಮೂರು ಕಾಲು ಹೋಗಿ ಒಂದೇ ಕಾಲು ಆದಂಗೆ! ನಮ್ಮ ಮಿತ್ರ ಮಾಡಿದ ಎಡವಟ್ಟು ಅದೇ.

ಗಾಳಿ ಬೀಸುತ್ತಿದ್ದರೆ ನಡುಗಂಬದ ಕೊಕ್ಕೆಗೆ ಬ್ಯಾಗು ತೂಗುಹಾಕಿ, ತಳ ನೆಲಕ್ಕೆ ತಾಗುವ ಹಾಗೆ. ಇಲ್ಲದಿದ್ದರೆ ಬ್ಯಾಗೇ ಉಯ್ಯಾಲೆ ಆಡುತ್ತೆ. ಮರದ ಹಲಗೆ ಹಾಸಿದ ಕಡೆ ಜನ ನಡೆದರೂ ಚಿತ್ರ ನಡುಗುತ್ತೆ. ಅವರು ಹಾದುಹೋಗಲಿ. ಬಟನ್ ಒತ್ತೋ ಬೆರಳೂ ಕ್ಯಾಮೆರಾ ಅಲುಗಿಸುತ್ತೆ. 2 ಸೆಕೆಂಡಿನ ಟೈಮರ್ ಇಡಿ.

ಎಲ್ಲಾ ಕಡೆ ಕಾಲು ಚಾಚಬೇಡಿ!

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಟ್ರೈಪಾಡಿಗೆ ಪ್ರವೇಶವಿಲ್ಲ. ನಮ್ಮಲ್ಲೂ ತಾಜ್ ಮಹಲಿನೊಳಗೆ ಬಿಡೋದಿಲ್ಲ. ಹೋಗುವ ಮೊದಲೇ ವಿಚಾರಿಸಿ. ಇನ್ನೊಂದು ಮಾತು: ದುಬಾರಿ ಕ್ಯಾಮೆರಾ ಆದರೆ ಹೊರಡುವಾಗಲೇ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ತೋರಿಸಿ, ಸೀರಿಯಲ್ ನಂಬರ್ ಸಮೇತ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ವಾಪಸು ಬಂದಾಗ "ಅಲ್ಲೇ ಕೊಂಡದ್ದಾ?" ಅಂತ ಕೇಳಿದರೆ ಎದೆ ಸೆಟೆಸಿ ಚೀಟಿ ತೋರಿಸಬಹುದು.

ಖರ್ಚಿನ ಲೆಕ್ಕ? ಕ್ಯಾಮೆರಾಗೆ ಹತ್ತು ರೂಪಾಯಿ ಇಟ್ಟರೆ ಬ್ಯಾಗಿಗೊಂದು, ಟ್ರೈಪಾಡಿಗೊಂದು ಎತ್ತಿಡಿ. ಕ್ಯಾಮೆರಾ ಒಂದು ಮೆಟ್ಟಿಲು ಕೆಳಗಿನದಾದರೂ ಪರವಾಗಿಲ್ಲ.

ಅಂದ ಹಾಗೆ, ನಮ್ಮ ಮಿತ್ರನ ಕತೆಗೆ ಕ್ಲೈಮ್ಯಾಕ್ಸ್ ಇದೆ. ಕೊನೇ ರಾತ್ರಿ ಸಿಟ್ಟಿಗೆ ಆ ಟ್ರೈಪಾಡನ್ನು ಹೋಟೆಲಿನಲ್ಲೇ ಬಿಟ್ಟು ಹೋದ. ಗಿಡ್ಡನೆ ಕಲ್ಲು ಕಟ್ಟೆಯ ಮೇಲೆ ಬ್ಯಾಗಿಟ್ಟ, ಬ್ಯಾಗಿನ ಮೇಲೆ ಕ್ಯಾಮೆರಾ ಇಟ್ಟ, ಟೈಮರ್ ಒತ್ತಿ ಉಸಿರು ಬಿಗಿಹಿಡಿದ. "ಅಮ್ಮಾ, ಎರಡೇ ಎರಡು ಸೆಕೆಂಡ್ ಅಲ್ಲಾಡಬೇಡ!" ಕ್ಲಿಕ್!

ಐದು ದಿನದ ಪ್ರವಾಸದಲ್ಲಿ ನೆಟ್ಟಗೆ ಬಂದ ರಾತ್ರಿಯ ಫೋಟೋ ಅದೊಂದೇ. ಇವತ್ತು ಅವರ ಮನೆಯ ನಡುಮನೆಯಲ್ಲಿ ತೂಗಾಡುತ್ತಿರೋದೂ ಅದೇ. ಬಂದವರಿಗೆಲ್ಲ ಅಮ್ಮ ತೋರಿಸುತ್ತಾರೆ: "ಟೆಂಟಿನಲ್ಲಿ ನೋಡಿದ್ದೆನಲ್ಲಾ, ಅದೇ ಸಿಂಗಾಪುರ. ನೋಡಿ, ನಾನೂ ಇದೀನಿ!"