ಮೆತ್ತನೆ ಮೊಟ್ಟೆ ಇಟ್ಟ ಕೋಳಿನ ಸಾರು ಮಾಡೋಕೆ ಮುಂಚೆ

ಹಾಸ್ಟೆಲ್ ಮೆಸ್ಸಿನ ಮೊಟ್ಟೆಗಳೆಲ್ಲ ಒಂದೇ ಅಚ್ಚಲ್ಲಿ ಎರಕ ಹೊಯ್ದ ಹಾಗೆ ಇರುತ್ತವೆ. ಆದ್ರೆ ಹಿತ್ತಲಲ್ಲಿ ಕೋಳಿ ಸಾಕಿರೋ ಮನೆಯವರಿಗೆ ಗೊತ್ತು, ಹೊಸದಾಗಿ ಮೊಟ್ಟೆಗೆ ಬಂದ ಹ್ಯಾಟೆ ಏನೇನೋ ವಿಚಿತ್ರ ಮಾಡತ್ತೆ. ಒಂದಿನ ಗೋಲಿ ಗಾತ್ರದ ಮೊಟ್ಟೆ, ಇನ್ನೊಂದಿನ ಎರಡು ಹಳದಿ ಇರೋ ದೊಡ್ಡ ಮೊಟ್ಟೆ, ಮತ್ತೊಂದಿನ ಚಿಪ್ಪೇ ಇಲ್ಲದೆ ನೀರು ತುಂಬಿದ ಬಲೂನಿನ ಥರ ಕೈಯಲ್ಲಿ ಜೋಲಾಡೋ ಮೊಟ್ಟೆ. "ಈ ಕೋಳಿ ಸರಿಯಿಲ್ಲ, ಭಾನುವಾರ ಸಾರಿಗೆ ಹಾಕಿ" ಅನ್ನೋ ತೀರ್ಪು ಬರೋದು ಇಂಥ ಹೊತ್ತಲ್ಲೇ. ಐದಾರು ತಿಂಗಳು ಕಾಳು ಹಾಕಿ ಸಾಕಿದ ಕೋಳಿ, ಇನ್ನೇನು ಆದಾಯ ಕೊಡಬೇಕು ಅನ್ನುವಾಗ ಪಾತ್ರೆಗೆ ಹೋಗತ್ತೆ. ಹೆಚ್ಚಿನ ಸಲ ಆ ಕೋಳಿಗೆ ಏನೂ ಆಗಿರಲ್ಲ. ಯಾಕೆ ಅಂತ ನೋಡೋಣ.

ಮೊಟ್ಟೆ ಅನ್ನೋದು ಒಂದು ಅಸೆಂಬ್ಲಿ ಲೈನಲ್ಲಿ ತಯಾರಾಗೋ ವಸ್ತು. ಅಂಡಾಶಯದಿಂದ ಹಳದಿ ಬಿಡುಗಡೆಯಾಗಿ ಒಂದು ಉದ್ದನೆಯ ನಾಳದೊಳಗೆ ಬೀಳತ್ತೆ. ಮೊದಲ ಸುಮಾರು 3 ಗಂಟೆಯಲ್ಲಿ ಅದರ ಸುತ್ತ ಬಿಳಿ ಲೋಳೆ ಸೇರತ್ತೆ. ಮುಂದಿನ ಒಂದು ಗಂಟೆ ಚಿಲ್ಲರೆ ಹೊತ್ತಲ್ಲಿ ತೆಳು ಪೊರೆಗಳು ಸುತ್ತಿಕೊಳ್ಳುತ್ತವೆ. ಆಮೇಲೆ ಸುಮಾರು 20 ಗಂಟೆ, ಅಂದ್ರೆ ಒಟ್ಟು ಸಮಯದ ಮುಕ್ಕಾಲು ಪಾಲಿಗಿಂತ ಜಾಸ್ತಿ, ಬರೀ ಚಿಪ್ಪು ಕಟ್ಟೋಕೆ ಹೋಗತ್ತೆ. ಹಾಗಾಗಿ ಲೈನಲ್ಲಿ ಏನೇ ಎಡವಟ್ಟಾದ್ರೂ ಮೊದಲು ಹೊಡೆತ ಬೀಳೋದು ಕೊನೆಯ ಸ್ಟೇಜಿಗೆ, ಚಿಪ್ಪಿಗೆ.

ಎಳೆಯ ಕೋಳಿಯಲ್ಲಿ ಎಡವಟ್ಟು ಟೈಮಿಂಗ್‌ದು. ಪಳಗಿದ ಕೋಳಿಯಲ್ಲಿ ಒಂದು ಮೊಟ್ಟೆ ಹೊರಬಂದು ಸುಮಾರು ಅರ್ಧ ಗಂಟೆ ಆದಮೇಲೇ ಮುಂದಿನ ಹಳದಿ ಬಿಡುಗಡೆಯಾಗತ್ತೆ. ಇದನ್ನು ನಡೆಸೋದು ಹಾರ್ಮೋನುಗಳು. ಮೊಟ್ಟೆಗೆ ಬಂದ ಮೊದಲ ಕೆಲವು ವಾರ ಈ ಗಡಿಯಾರ ಇನ್ನೂ ಸೆಟ್ ಆಗಿರಲ್ಲ. ಎರಡು ಹಳದಿ ಒಟ್ಟಿಗೆ ಬಿದ್ರೆ ಎರಡೂ ಒಂದೇ ಚಿಪ್ಪಿನೊಳಗೆ ಸೇರುತ್ತವೆ. ಕೆಲವು ಗಂಟೆ ಅಂತರದಲ್ಲಿ ಬಿದ್ರೆ, ಹಿಂದಿನದು ಬಂತು ಅಂತ ಮುಂದಿನ ಮೊಟ್ಟೆ ಚಿಪ್ಪು ಪೂರ್ತಿಯಾಗೋ ಮುಂಚೆಯೇ ಹೊರಬೀಳಬಹುದು. ಅದೇ ನಮ್ಮ ಬಲೂನ್ ಮೊಟ್ಟೆ. ಹಳದಿಯ ಬದಲು ಒಳಗಿನ ಚರ್ಮದ ಚೂರೊಂದು ನಾಳಕ್ಕೆ ಬಿದ್ರೂ ಸಾಕು, ಯಂತ್ರ ಅದನ್ನೇ ಹಳದಿ ಅಂದ್ಕೊಂಡು ಲೋಳೆ ಸುತ್ತಿ ಚಿಪ್ಪು ಹಾಕಿ ಕಳಿಸತ್ತೆ. ಅದು ಗೋಲಿ ಮೊಟ್ಟೆ. ನಾಯಿ ಅಟ್ಟಿಸಿಕೊಂಡು ಬಂದಾಗ, ರಾತ್ರಿ ಪಟಾಕಿ ಸದ್ದಾದಾಗ ಬೆಚ್ಚಿಬಿದ್ದರೂ ಕೋಳಿ ಅವಧಿಗೆ ಮುಂಚೆ ಮೊಟ್ಟೆ ಹಾಕಬಹುದು.

ಎರಡನೇ ಕಾರಣ ಕಚ್ಚಾ ಮಾಲು. ಇದಕ್ಕೆ ಸಣ್ಣ ಲೆಕ್ಕ ಮಾಡಬೇಕು. ಒಂದು ಚಿಪ್ಪಿನ ತೂಕ 5-6 ಗ್ರಾಂ, ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರಲ್ಲಿ ಶೇಕಡಾ 40 ಕ್ಯಾಲ್ಸಿಯಂ. ಅಂದ್ರೆ ಒಂದು ಮೊಟ್ಟೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಕೋಳಿ ದಿನಕ್ಕೆ ಸುಮಾರು 100 ಗ್ರಾಂ ತಿನ್ನತ್ತೆ ಅಂದ್ಕೊಳ್ಳಿ. ನಮ್ಮ ಕಡೆ ಹಾಕೋ ರಾಗಿ ಧಾನ್ಯಗಳಲ್ಲೇ ಕ್ಯಾಲ್ಸಿಯಂಗೆ ಹೆಸರುವಾಸಿ, ಆದ್ರೂ 100 ಗ್ರಾಂ ರಾಗಿಯಲ್ಲಿ ಇರೋದು ಸುಮಾರು 0.35 ಗ್ರಾಂ. ಅಕ್ಕಿ ನುಚ್ಚು, ಜೋಳದಲ್ಲಿ ಇನ್ನೂ ತೀರಾ ಕಡಿಮೆ. ಇನ್‌ಪುಟ್ಟೇ ಇಲ್ಲದೆ ಔಟ್‌ಪುಟ್ ಎಲ್ಲಿಂದ ಬರಬೇಕು? ಅದಕ್ಕೇ ಮೊಟ್ಟೆ ಕೋಳಿಗಳ ಲೇಯರ್ ಫೀಡ್‌ನಲ್ಲಿ ಶೇಕಡಾ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇಟ್ಟಿರ್ತಾರೆ.

ಹೊಲದಲ್ಲಿ ಹುಳ, ಸೊಪ್ಪು, ಮಣ್ಣು ಕೆದಕಿ ತಿನ್ನೋ ನಾಟಿ ಕೋಳಿ ಅಷ್ಟಿಷ್ಟು ಹೊಂದಿಸಿಕೊಳ್ಳತ್ತೆ, ಜೊತೆಗೆ ಅದು ದಿನಾ ಮೊಟ್ಟೆ ಇಡಲ್ಲ. ಆದ್ರೆ ಹೆಬ್ಬಾಳದ ವೆಟರ್ನರಿ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳು ಹೆಚ್ಚು ಮೊಟ್ಟೆ ಇಡುತ್ತವೆ, ಅವಕ್ಕೆ ಬರೀ ಕಾಳು ಸಾಲಲ್ಲ.

ಕೋಳಿ ಹತ್ರ ಒಂದು ಬ್ಯಾಟರಿ ಬ್ಯಾಕಪ್ ಇದೆ. ಮೊಟ್ಟೆಗೆ ಬರೋ ಸುಮಾರು ಎರಡು ವಾರ ಮುಂಚೆ ಅದರ ಕಾಲಿನ ಮೂಳೆಗಳ ಒಳಗೆ ವಿಶೇಷವಾದ ಮೂಳೆ ಪದರ ಬೆಳೆಯತ್ತೆ. ಚಿಪ್ಪು ಜಾಸ್ತಿ ಕಟ್ಟೋದು ರಾತ್ರಿ, ಆಗ ಹೊಟ್ಟೆ ಖಾಲಿ, ಕ್ಯಾಲ್ಸಿಯಂ ಈ ಪದರದಿಂದ ಬರತ್ತೆ. ಹಗಲು ತಿಂದು ಮತ್ತೆ ತುಂಬಬೇಕು. ಇಡೀ ಅಸ್ಥಿಪಂಜರದಲ್ಲಿ ಇರೋದೇ ಸುಮಾರು 20 ಗ್ರಾಂ, ಒಂದು ಮೊಟ್ಟೆಗೆ ಅದರ ಹತ್ತನೇ ಒಂದು ಪಾಲು ಖರ್ಚು. ಚಾರ್ಜ್ ಮಾಡದೇ ಬಳಸ್ತಾ ಹೋದ್ರೆ ಮೊದಲು ಚಿಪ್ಪು ತೆಳ್ಳಗಾಗತ್ತೆ, ಆಮೇಲೆ ಕೋಳಿಯ ಮೂಳೆಯೇ ಸೋಲತ್ತೆ.

ಬೇಸಿಗೆ ಇನ್ನೊಂದು ಕಾರಣ. ಚಿಪ್ಪಿನ ಕಾರ್ಬೊನೇಟ್ ಬರೋದು ರಕ್ತದ ಕಾರ್ಬನ್ ಡೈಆಕ್ಸೈಡಿನಿಂದ. ಸೆಕೆಗೆ ಕೋಳಿ ಬಾಯಿ ತೆರೆದು ಏದುಸಿರು ಬಿಟ್ರೆ ಅದು ಹೊರಗೆ ಹೋಗಿಬಿಡತ್ತೆ, ಚಿಪ್ಪಿಗೆ ಕೊರತೆ ಬೀಳತ್ತೆ.

ಹಾಗಾದ್ರೆ ಏನು ಮಾಡೋದು?

ಕೆಲವು ವಾರ ಕಾಯಿರಿ. ಫೀಡ್ ಅಂಗಡಿಯಲ್ಲಿ ಸಿಗೋ ಕಪ್ಪೆಚಿಪ್ಪಿನ ಚೂರನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ಅದೇ ತಿನ್ನತ್ತೆ. ಸಂಜೆ ಹೊತ್ತು ಇದ್ರೆ ಇನ್ನೂ ಒಳ್ಳೇದು, ದಪ್ಪ ಚೂರು ರಾತ್ರಿಯಿಡೀ ನಿಧಾನಕ್ಕೆ ಕರಗತ್ತೆ. ಮನೆಯ ಮೊಟ್ಟೆ ಚಿಪ್ಪನ್ನೇ ತೊಳೆದು, ಹುರಿದು, ಗುರುತು ಸಿಗದಷ್ಟು ಪುಡಿ ಮಾಡಿ ಹಾಕಬಹುದು. ಇಡಿಯಾಗಿ ಎಸೆದ್ರೆ ಮೊಟ್ಟೆ ಕುಕ್ಕಿ ತಿನ್ನೋ ಚಟ ಹತ್ತಬಹುದು. ನೆರಳು, ನೀರು ಇರಲಿ. ಬೆಳಗಿನ ಬಿಸಿಲೂ ಬೀಳಲಿ, ಕ್ಯಾಲ್ಸಿಯಂ ಮೈಗೆ ಹತ್ತೋಕೆ ವಿಟಮಿನ್ ಡಿ ಬೇಕು. ಆದ್ರೆ ಲೇಯರ್ ಫೀಡನ್ನು ಚಿಕ್ಕ ಮರಿಗಳಿಗೆ ಹಾಕಬೇಡಿ, ಅಷ್ಟು ಕ್ಯಾಲ್ಸಿಯಂ ಅವುಗಳ ಕಿಡ್ನಿ ಹಾಳು ಮಾಡತ್ತೆ.

ಎರಡು ಸಂದರ್ಭದಲ್ಲಿ ಮಾತ್ರ ಕಾಯಬೇಡಿ. ಕೋಳಿ ಪುಕ್ಕ ಉಬ್ಬಿಸಿಕೊಂಡು, ಬಾಲ ಇಳಿಬಿಟ್ಟು, ಮುಕ್ಕುತ್ತಾ ನಿಂತಿದ್ರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಮೆತ್ತನೆ ಮೊಟ್ಟೆಯನ್ನು ಸ್ನಾಯುಗಳು ಹಿಡಿದು ತಳ್ಳೋದು ಕಷ್ಟ, ಜೀವಕ್ಕೇ ಅಪಾಯ. ಇನ್ನೊಂದು, ಹಲವು ಕೋಳಿಗಳು ಒಟ್ಟಿಗೆ ಸುಕ್ಕು ಮೊಟ್ಟೆ ಇಟ್ಟು, ಗೊರಗೊರ ಉಸಿರಾಡ್ತಿದ್ರೆ ಕೊಕ್ಕರೆ ರೋಗದಂಥ ಸೋಂಕು ಇರಬಹುದು. ಎರಡಕ್ಕೂ ಪಶು ಆಸ್ಪತ್ರೆಗೆ ಓಡಿ.

ಇವೆರಡೂ ಇಲ್ಲ ಅಂದ್ರೆ ಅದು ಬರೀ ಟ್ರಯಲ್ ರನ್. ನಮ್ಮ ಫಸ್ಟ್ ಇಯರ್ ಲ್ಯಾಬಿನ ಮೊದಲ ರೀಡಿಂಗ್ ನೋಡಿ ಯಾರೂ ನಮ್ಮನ್ನ ಕಾಲೇಜಿಂದ ಓಡಿಸಲಿಲ್ಲ ಅಲ್ವಾ? ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ರಾಗಿ ಲೆಕ್ಕ ಹೇಳಿ ನೋಡಿ. ಒಂದು ಹ್ಯಾಟೆ ಉಳಿದ್ರೂ ಉಳೀಬಹುದು.